ನೀರಹಲ್ಲಿಗಳು ಬಾರದ ಮಳೆ

ಮಾರ್ಚ್ ತಿಂಗಳ ಮೊದಲ ಬೆಚ್ಚನೆಯ ಮಳೆ ಬಿದ್ದ ದಿನ ನಮ್ಮೂರಿನಲ್ಲಿ ಯಾರೂ ನೆಟ್ಟಗೆ ನಡೆಯುವುದಿಲ್ಲ. ಕುಡಿದಿರುತ್ತಾರೆ ಎಂದಲ್ಲ, ಅದಕ್ಕೆ ವರ್ಷದ ಬೇರೆ ದಿನಗಳಿವೆ. ಆ ದಿನ ಮಾತ್ರ ದೊಡ್ಡವರು ಚಿಕ್ಕವರೆಲ್ಲ ತಲೆ ಬಗ್ಗಿಸಿಕೊಂಡು, ನೆಲದ ಅಪ್ಪಣೆ ಕೇಳಿ ಕೇಳಿ, ಕೊಕ್ಕರೆಯ ಹಾಗೆ ಕಾಲೆತ್ತಿ ಕಾಲಿಡುತ್ತಾರೆ. ಅದು ನೀರಹಲ್ಲಿಗಳು ಹಾದಿ ದಾಟುವ ದಿನ.

ಪುಸ್ತಕದಲ್ಲಿ ಅದರ ಹೆಸರು ನ್ಯೂಟ್. ನೀರಹಲ್ಲಿ ಎನ್ನುವುದು ನಮ್ಮ ಬಾಯಿಯ ಹೆಸರು. ಆಕಾರ ಹಲ್ಲಿಯದು, ಕುಲ ಕಪ್ಪೆಯದು. ಬೆನ್ನು ಕಪ್ಪು, ಮಗುಚಿದರೆ ಕಿತ್ತಳೆ ಹೊಟ್ಟೆ, ಅದರ ಮೇಲೆ ಶಾಯಿ ಚೆಲ್ಲಿದಂಥ ಮಚ್ಚೆ. ಚಳಿಗಾಲವೆಲ್ಲ ಕಲ್ಲುಸಂದಿಯಲ್ಲಿ ಮುದುಡಿ ಮಲಗಿದ್ದು, ಮೊದಲ ಬೆಚ್ಚನೆಯ ಮಳೆಗೆ ಎಚ್ಚೆತ್ತು, ಮದುವೆ ದಿಬ್ಬಣದ ಹಾಗೆ ಸಾಲಾಗಿ ಹೊಂಡಕ್ಕೆ ಇಳಿಯುತ್ತವೆ. ದಿಬ್ಬಣದ ಹಾಗೆ ಎಂದೆನಲ್ಲ, ದಿಬ್ಬಣವೇ ಅದು. ನೀರಿಗಿಳಿದ ಗಂಡು ಬೆನ್ನ ಮೇಲೆ ಗರಗಸದಂಥ ಜುಟ್ಟು ಬೆಳೆಸಿಕೊಂಡು ಹೆಣ್ಣಿನ ಮುಂದೆ ಬಾಲ ಕುಣಿಸುವುದನ್ನು ನೋಡಿದರೆ ನಮ್ಮೂರ ಹಬ್ಬದ ರಾತ್ರಿಯ ಗಂಡಸರಿಗೆ ಆ ಕುಣಿತ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ.

ನಮ್ಮದು ಸ್ಲೊವೇನಿಯಾದ ಕ್ರಾಸ್ ಸೀಮೆ, ಸುಣ್ಣಕಲ್ಲಿನ ನೆಲ. ಎಷ್ಟು ಸುರಿದರೂ ಕುಡಿದುಬಿಡುತ್ತದೆ. ಮೇಲೆ ಒಂದು ತೊಟ್ಟು ಉಳಿಸುವುದಿಲ್ಲ. ದನಗಳಿಗೆಂದು ಅಜ್ಜಂದಿರು ಜೇಡಿಮಣ್ಣು ತುಳಿದು ತಳ ಕಟ್ಟಿದ ಒಂದು ಹೊಂಡದಲ್ಲಿ ಮಾತ್ರ ನೀರು ನಿಲ್ಲುತ್ತದೆ. ದನಗಳು ಹೋದವು, ಟ್ರ್ಯಾಕ್ಟರುಗಳು ಬಂದವು. ಟ್ರ್ಯಾಕ್ಟರು ಹೊಂಡದ ನೀರು ಕುಡಿಯುವುದಿಲ್ಲವಾದ್ದರಿಂದ ಹೊಂಡ ನೀರಹಲ್ಲಿಗಳ ಪಾಲಾಯಿತು.

ಈ ವರ್ಷದ ಆ ಬೆಳಿಗ್ಗೆ ದಾನಿಲಾ ಟೀಚರ್ ಬಕೆಟ್ಟು ಹಿಡಿದು ಚರ್ಚಿನ ಮುಂದಿನ ಮರದ ಕೆಳಗೆ ಬಂದು ನಿಂತರು. ಅವರು ನಿಂತರೆಂದರೆ ನಾವು ಹೊರಟೆವೆಂದು ಅರ್ಥ. ವಯಸ್ಸು ಎಂಬತ್ತರ ಹತ್ತಿರ. ಊರಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದವರಾದ್ದರಿಂದ ಅವರ ಮುಂದೆ ಮೊಮ್ಮಕ್ಕಳಿದ್ದವರೂ ಹುಡುಗರೇ.

"ಮುಂದೆ ನೋಡ್ಕೊಂಡು ನಡೀಬೇಡಿ, ಕೆಳಗೆ ನೋಡ್ಕೊಂಡು ನಡೀರಿ," ಎಂದರು ಟೀಚರ್. "ಛತ್ರಿ ಹಿಡಿದೋರು ಪಕ್ಕದೋರ ಕಣ್ಣು ಕಾಪಾಡಿ. ಅಲ್ಬಿನಾ, ಮಾತು ಕಡಿಮೆ."

"ಅಯ್ಯೋ, ನಾನಿನ್ನೂ ಬಾಯೇ ಬಿಟ್ಟಿಲ್ಲ ಟೀಚರ್!"

"ಅದಕ್ಕೇ ಈಗ ಹೇಳಿದ್ದು."

ಚರ್ಚಿನಿಂದ ಹೊಂಡಕ್ಕೆ ಹೋಗುವ ಹಾದಿಯ ಎಡಗಡೆ ಉದ್ದಕ್ಕೂ ವೊಯ್ಕೊನ ದ್ರಾಕ್ಷಿತೋಟದ ಗೋಡೆ. ಎದೆಮಟ್ಟದ ಒಣಗಲ್ಲಿನ ಗೋಡೆ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಚಕ್ಕೆಗಲ್ಲು. ಗಾರೆಯಿಲ್ಲ, ಮಣ್ಣಿಲ್ಲ, ಕಲ್ಲಿನ ಭಾರವೇ ಕಲ್ಲಿಗೆ ಆಧಾರ. ನಮ್ಮಲ್ಲಿ ಒಣಗೋಡೆಗೆ ಸಿಮೆಂಟು ಹಾಕುವುದೆಂದರೆ ವೈನಿಗೆ ಸಕ್ಕರೆ ಬೆರೆಸಿದ ಹಾಗೆ. ಪೊಲೀಸರು ಹಿಡಿಯುವುದಿಲ್ಲ, ಆದರೆ ಜನ ಬಿಡುವುದಿಲ್ಲ. ಪ್ರತಿ ಶರತ್ಕಾಲ ಪಟ್ಟಣದಿಂದ ಬರುವವರಿಗೆ ಗೋಡೆ ಕಟ್ಟಲು ಕಲಿಸುವವನು ಈ ವೊಯ್ಕೊನೇ. ರೈಲ್ವೆಯಿಂದ ನಿವೃತ್ತನಾದ, ಮಂಡಿ ನೋವಿನ, ಕಡಿಮೆ ಮಾತಿನ ಮನುಷ್ಯ. ಕಲ್ಲಿನ ವಿಷಯ ಬಂದರೆ ಮಾತ್ರ ಪಾದ್ರಿಗಿಂತ ಉದ್ದ ಉಪದೇಶ.

ಆ ಉಪದೇಶ ನಮಗೆಲ್ಲ ಬಾಯಿಪಾಠವಾಗಿರುವುದು ಪೆಪಿಯ ದಯೆಯಿಂದ. ಪೆಪಿ ವೊಯ್ಕೊನ ತಂಗಿಯ ಗಂಡ. ಊರಿನ ಪೀಪಿ ಎಂದರೂ ತಪ್ಪಿಲ್ಲ. ಯಾರ ದನಿ ಬೇಕಾದರೂ ಅವನ ಗಂಟಲಲ್ಲಿ ಬಾಡಿಗೆಗೆ ಇರುತ್ತದೆ. ಅಂದು ಗೋಡೆ ಶುರುವಾಗುತ್ತಿದ್ದಂತೆ ಅವನು ಸೊಂಟದ ಮೇಲೆ ಕೈಯಿಟ್ಟು, ಒಂದು ಮಂಡಿ ಬಗ್ಗಿಸಿ, ವೊಯ್ಕೊನ ಮೂಗುದನಿ ತೆಗೆದ.

"ನೋಡಿ ಅಮ್ಮಾವ್ರೇ, ಇದು ಬರೀ ಗೋಡೆ ಅಲ್ಲ. ಇದಕ್ಕೆ ಪ್ರಾಣ ಇದೆ. ಗೋಡೆ ಉಸಿರಾಡ್ಬೇಕು! ಗಾಳಿ ಈ ಕಡೆಯಿಂದ ಹೋಗಿ ಆ ಕಡೆ ಬರ್ಬೇಕು! ಸಿಮೆಂಟು ಹಾಕೋದು ಅಂದ್ರೆ ಅದರ ಬಾಯಿ ಮೂಗು ಮುಚ್ಚಿದ ಹಾಗೆ!"

ಎಲ್ಲರೂ ನಕ್ಕರು. ವೊಯ್ಕೊನ ಹೆಂಡತಿ ಜೋರಾ, ಹೆಸರಿಗೆ ತಕ್ಕಂತೆ ಜೋರಿನ ಹೆಂಗಸು, ಅವಳು ಮಾತ್ರ ನಗಲಿಲ್ಲ. ಸಾಲಿನ ಕೊನೆಯಲ್ಲಿದ್ದ ವೊಯ್ಕೊ ನಗಲು ನೋಡಿದ. ತುಟಿ ಒಂದು ಕಡೆ ಮಾತ್ರ ಎದ್ದಿತು.

ಅವನ ಕಷ್ಟ ಇದು. ನವೆಂಬರಿನಲ್ಲಿ ಬುರ್ಯಾ ಎಂಬ ನಮ್ಮ ಚಳಿಗಾಲದ ಬಿರುಗಾಳಿ ಬೀಸಿ ಆ ಗೋಡೆಯ ನಡುಭಾಗ ಹೊಟ್ಟೆ ಬಿಟ್ಟಿತು. ಬಿಚ್ಚಿ ಕಟ್ಟಿದ, ಮತ್ತೆ ಬಿತ್ತು. ಮತ್ತೆ ಕಟ್ಟಿದ, ಮಂಡಿ ಕೈಕೊಟ್ಟಿತು, ಗೋಡೆಯೂ ಕೈಕೊಟ್ಟಿತು. ಕಲಿಸುವ ಮೇಸ್ತ್ರಿಯ ಗೋಡೆ, ಚರ್ಚಿಗೆ ಹೋಗುವವರೆಲ್ಲ ನೋಡುವ ಗೋಡೆ. ಮೂರನೆಯ ಸಲ, ಮೋಡ ಕವಿದು ಯಾರೂ ಓಡಾಡದ ಒಂದು ಮಧ್ಯಾಹ್ನ, ಅವನು ಸಿಮೆಂಟು ನೀರಾಗಿ ಕಲಸಿ ಗೋಡೆಯ ಹೊಟ್ಟೆಗೆ ಹೊಯ್ದ. ಎರಡು ಮೈಯ ಕಲ್ಲೂ ಒಣಗಲ್ಲೇ, ನೋಡುವವರಿಗೆ ಚೂರೂ ಕಾಣದು. ಬುಡದ ವರಸೆಗಳನ್ನು ಮುಟ್ಟಿರಲಿಲ್ಲ. ಆದರೆ ನೀರಾದ ಸಿಮೆಂಟು ಮುಟ್ಟದೆ ಇರುತ್ತದೆಯೇ? ಹರಿದು ಹರಿದು ಬುಡಕ್ಕೇ ಇಳಿಯಿತು. ಹೊಂಡದ ಸುತ್ತ ಉಳಿದ ಕಡೆಯೆಲ್ಲ ರಸ್ತೆ ಮತ್ತು ಉತ್ತ ತೋಟ. ಚಳಿಗಾಲಕ್ಕೆ ನೀರಹಲ್ಲಿಗಳಿಗೆ ಇರುವ ಒಂದೇ ಮನೆ ಗೋಡೆಯ ಈ ಭಾಗದ ಬುಡ.

ಹೊಯ್ಯುವ ಮೊದಲು ಒಂದು ಬಾಲ ಸಂದಿಯೊಳಗೆ ಸರಿದದ್ದನ್ನು ಅವನು ನೋಡಿದ್ದ. ಹಲ್ಲಿ, ಎಂದುಕೊಂಡ. ನವೆಂಬರಿನ ಚಳಿಯಲ್ಲಿ ಹಲ್ಲಿ ಎಲ್ಲಿಂದ ಬರಬೇಕು? ಬಕೆಟ್ಟು ಬಗ್ಗಿಸಿದ.

ಮಾರನೆಯ ದಿನ ಅದೇ ಹಾದಿಯಲ್ಲಿ ಬಂದ ದಾನಿಲಾ ಟೀಚರ್ ಕೇಳಿದ್ದರು: "ಬುಡ ಹಾಗೇ ಬಿಟ್ಟಿದೀಯ ತಾನೇ, ವೊಯ್ಕೊ?"

"ಬುಡ ಮುಟ್ಟಿಲ್ಲ ಟೀಚರ್," ಎಂದಿದ್ದ. ಅದು ನಿಜ. ಅಷ್ಟು ನಿಜವಾದ ಸುಳ್ಳನ್ನು ಅವನು ಜನ್ಮದಲ್ಲಿ ಹೇಳಿರಲಿಲ್ಲ.

ಈಗ ಮಳೆ ಸಣ್ಣಗೆ, ಹದವಾಗಿ, ನೀರಹಲ್ಲಿಗಳು ಹೇಳಿ ತರಿಸಿದಂತೆ ಬೀಳುತ್ತಿತ್ತು. ಬೇರೆ ವರ್ಷಗಳಲ್ಲಿ ಈ ಹೊತ್ತಿಗೆ ಯಾರೋ "ಇಲ್ಲೊಂದು!" ಎಂದು ಕೂಗಿ, ಸಾಲೆಲ್ಲ ನಿಂತು, ಟೀಚರ್ ಕೈ ಒದ್ದೆ ಮಾಡಿಕೊಂಡು ಅದನ್ನೆತ್ತಿ ಬಕೆಟ್ಟಿಗೆ ಬಿಟ್ಟು, ಹಿಂದಿನವರಿಗೆ ಕಾಣಲಿಲ್ಲವೆಂದು ಜಗಳವಾಗಿರುತ್ತಿತ್ತು. ಇಂದು ಎರೆಹುಳು ಕಂಡಿತು, ಬಸವನಹುಳು ಕಂಡಿತು, ಅಲ್ಬಿನಾಳಿಗೆ ಒಂದು ನೀರಹಲ್ಲಿಯೇ ಕಂಡಿತು. ಪೆಪಿ ಬಗ್ಗಿ ಎತ್ತಿದಾಗ ಅದು ಬೂಟಿನ ಹರಿದ ಲೇಸು.

"ಇದರ ಜೋಡಿಯನ್ನೂ ಹುಡುಕ್ಬೇಕು," ಎಂದ ಪೆಪಿ. "ಒಂಟಿ ಜೀವ, ಪಾಪ."

ನಗು ಬಂತು, ಆದರೆ ಬೇಗ ಹೋಯಿತು. ಗೋಡೆಯ ಉದ್ದ ಮುಗಿಯುವ ಹೊತ್ತಿಗೆ ಛತ್ರಿಗಳ ಮೇಲೆ ಬೀಳುವ ಮಳೆಯ ಸದ್ದಷ್ಟೇ ಉಳಿಯಿತು.

ಹೊಂಡದ ದಂಡೆಯಲ್ಲಿ ಟೀಚರ್ ಮಂಡಿಯೂರಿ, ಮೂಗು ನೀರಿಗೆ ತಾಗುವಷ್ಟು ಬಗ್ಗಿ ನೋಡಿದರು. ಪಾಚಿ ಸರಿಸಿದರು. ಆ ದಂಡೆಗೆ ಹೋಗಿ ನೋಡಿದರು. ನಾವೆಲ್ಲ ಡಾಕ್ಟರು ಹೊರಗೆ ಬರುವುದನ್ನು ಕಾಯುವವರ ಹಾಗೆ ನಿಂತಿದ್ದೆವು. ಎದ್ದಾಗ ಅವರ ಬಕೆಟ್ಟಿನಲ್ಲಿ ಇದ್ದದ್ದು ಮಳೆನೀರು ಮಾತ್ರ.

"ಒಂದೂ ಇಲ್ಲ," ಎಂದರು.

ಅಲ್ಬಿನಾ ಒಂದು ಹೆಜ್ಜೆ ಮುಂದೆ ಬಂದಳು. "ಟೀಚರ್, ಒಂದು ವಿಷಯ. ಹೋದ ಬೇಸಿಗೇಲಿ ನನ್ನ ಬಾತುಕೋಳಿಗಳು ಬೇಲಿ ನುಸುಳಿ ಇಲ್ಲಿಗೆ ಬಂದಿದ್ವು. ಒಂದೇ ದಿನ. ಅಂದ್ರೆ, ಒಂದು ವಾರ. ಎರಡೇ ಎರಡು ಬಾತು."

"ಎರಡಾ?" ಎಂದ ಪೆಪಿ. "ಕ್ರಿಸ್ಮಸ್ಸಿಗೆ ನಿಮ್ಮನೇಲಿ ಆರು ಬಾತು ಕೊಯ್ದಿದ್ದು ನಾನೇ. ಉಳಿದ ನಾಲ್ಕನ್ನ ಯೇಸುಸ್ವಾಮಿ ಹೆಚ್ಚಿಸಿದ್ರಾ?"

"ನೀನು ಸುಮ್ನಿರೋ! ನೀನೇನು ಕಮ್ಮಿನಾ?"

ಅಲ್ಬಿನಾಳ ಗಂಡ ಜ್ವೊನ್ಕೊ ಛತ್ರಿಯ ಹಿಂದೆ ಮುಖ ಮರೆಸಿಕೊಂಡು ಹೇಳಿದ: "ನಾನೂ... ಗಂಧಕದ ಹೊಗೆ ಹಾಕಿದ ವೈನಿನ ಪೀಪಾಯಿ ಇಲ್ಲೇ ತೊಳೆದೆ, ಟೀಚರ್. ನಲ್ಲಿ ಕೆಟ್ಟಿತ್ತು."

"ನಿಮ್ಮ ನಲ್ಲಿ ಯಾವಾಗ ಸರಿ ಇತ್ತು?" ಎಂದಳು ಅವನ ಹೆಂಡತಿ.

"ನಾನು ಹೊಂಡದಲ್ಲಿ ಉಚ್ಚೆ ಹೊಯ್ದಿದೀನಿ," ಎಂದ ಪೆಪಿ, ತನ್ನ ಸ್ವಂತ ದನಿಯಲ್ಲಿ. ಆ ದನಿ ನಮಗೆ ಅಷ್ಟಾಗಿ ಪರಿಚಯವಿರಲಿಲ್ಲ. "ಹಬ್ಬದ ದಿನ. ಒಂದು ಸಲ."

"ಒಂದೇ ಸಲಾನಾ?" ಎಂದರು ಟೀಚರ್.

"ಒಂದು ಸಲ, ಇನ್ನೊಂದು ಸಲ, ಹಾಗೆ... ಸಲ ಸಲ."

ಪಾದ್ರಿಯ ಕಿವಿಗೂ ಅಷ್ಟು ಪಾಪ ಒಟ್ಟಿಗೆ ಬಿದ್ದಿರಲಾರದು. ಒಬ್ಬರು ಬಿಟ್ಟು ಒಬ್ಬರು, ಸೋಪು ನೀರು, ಟ್ರ್ಯಾಕ್ಟರಿನ ಎಣ್ಣೆ, ನಾಯಿಯ ಸ್ನಾನ, ಎಲ್ಲ ಹೊರಗೆ ಬಂದವು. ವೊಯ್ಕೊ ನಾಲಗೆಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದ. ಬಾಯಿ ತೆರೆಯಲು ಇಷ್ಟು ಸಲೀಸಾದ ಘಳಿಗೆ ಅವನಿಗೆ ಇನ್ನೊಂದು ಸಿಗುವುದಿಲ್ಲ. ಎಲ್ಲರೂ ಹೇಳುತ್ತಿದ್ದಾರೆ, ಎಲ್ಲರೂ ನಗುತ್ತಿದ್ದಾರೆ, ನಡುವೆ ತಾನೂ ಒಂದು ಮಾತು ತೂರಿಸಿದರೆ ಮುಗಿಯಿತು. ಆದರೆ ಅವರದೆಲ್ಲ ತಪ್ಪಲ್ಲದ ತಪ್ಪು. ಅದಕ್ಕೇ ಅಷ್ಟು ಸಲೀಸಾಗಿ ಬರುತ್ತಿತ್ತು.

ದಾನಿಲಾ ಟೀಚರ್ ಕೈಯೆತ್ತಿದರು. ತರಗತಿ ಸುಮ್ಮನಾಯಿತು.

"ನೀವ್ಯಾರೂ ಅಲ್ಲ. ಬಾತು ಹತ್ತು ತಿನ್ನುತ್ತೆ, ನೂರು ತಿನ್ನಲ್ಲ. ಇದು ನಾನು ಮಾಡಿದ್ದು." ಬಕೆಟ್ಟಿನ ನೀರನ್ನು ಮೆಲ್ಲಗೆ ಹುಲ್ಲಿಗೆ ಚೆಲ್ಲಿದರು. "ಹೋದ ವಸಂತದಲ್ಲಿ ಪಟ್ಟಣದಿಂದ ನೀರಹಲ್ಲಿ ನೋಡೋಕೆ ಒಂದು ಬಸ್ಸು ಜನ ಬಂದಿದ್ರಲ್ಲ? ಎಲ್ಲೆಲ್ಲೋ ಹೊಂಡಗಳಲ್ಲಿ ಇಳಿದು ಬಂದ ಬೂಟು ಹಾಕ್ಕೊಂಡು ಇಲ್ಲೂ ಇಳಿದ್ರು. ಬೂಟಿಗೆ ಅಂಟ್ಕೊಂಡು ರೋಗ ಬರುತ್ತೆ, ಇಡೀ ಹೊಂಡಾನೇ ಖಾಲಿ ಮಾಡುತ್ತೆ ಅಂತ ನನಗೆ ಗೊತ್ತಿತ್ತು. ಇಳೀಬೇಡಿ ಅಂತ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವರು ಚಪ್ಪಾಳೆ ಹೊಡೆದ್ರು. ಈ ವಯಸ್ಸಲ್ಲಿ ಎಷ್ಟು ಚೆನ್ನಾಗಿ ಹೇಳ್ತೀರಿ ಅಂದ್ರು. ನಾನು ಸುಮ್ಮನಾದೆ. ಚಪ್ಪಾಳೆಗೆ ಮರುಳಾದೆ, ಅಷ್ಟೇ."

ಹೊಂಡದ ಮೇಲೆ ಹನಿಗಳು ಉಂಗುರ ಬಿಡಿಸುತ್ತಿದ್ದವು.

"ಇನ್ನು ಈ ನಡಿಗೆ ಬೇಡ," ಎಂದರು. "ಉಳಿದಿರೋದು ಎಲ್ಲಾದ್ರೂ ಒಂದೆರಡು ಇದ್ರೆ, ಅವಾದ್ರೂ ನೆಮ್ಮದಿಯಾಗಿರ್ಲಿ. ವೊಯ್ಕೊ, ಹಾದಿ ತುದೀಲಿ ಅಡ್ಡಲಾಗಿ ಒಂದು ಗೋಡೆ ಕಟ್ಟಿಕೊಡ್ತೀಯಾ? ಮನುಷ್ಯರು ಒಳಗೆ ಬರ್ಬಾರ್ದು. ನೀನು ಕಟ್ಟಿದ್ರೆ ಸಂದಿ ಇರುತ್ತೆ, ಅವು ಓಡಾಡ್ಕೊಂಡಿರ್ತವೆ. ಬೇರೆ ಯಾರನ್ನೂ ನಂಬಲ್ಲ ನಾನು."

ವೊಯ್ಕೊ ಟೋಪಿ ತೆಗೆದ. ಮಳೆ ಅವನ ಬೋಳುತಲೆಯ ಮೇಲೆ ಬಿದ್ದು ಕಿವಿಯ ಹಿಂದೆ ಇಳಿಯಿತು.

"ಕಟ್ಟಿಕೊಡ್ತೀನಿ ಟೀಚರ್," ಎಂದ.

ಮನೆಗೆ ಬಂದಾಗ ಜೋರಾ ಯೋಟಾ ಬಡಿಸಿದಳು. ಹುಳಿ ಎಲೆಕೋಸು, ಕಾಳು, ಹೊಗೆಯಲ್ಲಿಟ್ಟ ಹಂದಿಯ ಮೂಳೆ ಹಾಕಿ ಬೇಯಿಸಿದ, ಅವನು ಯಾವತ್ತೂ ಎರಡನೆಯ ಬಟ್ಟಲು ಕೇಳುವ ಸಾರು. ಇಂದು ಮೊದಲನೆಯದನ್ನೇ ಚಮಚದಲ್ಲಿ ತಿರುವುತ್ತ ಕುಳಿತ.

"ಹಂದಿಗೂಡಿನ ನೆಲಕ್ಕೆ ಅಂತ ತಂದಿದ್ದ ಸಿಮೆಂಟು ಎಲ್ಲಿ?" ಎಂದಳು ಜೋರಾ.

ಚಮಚ ನಿಂತಿತು.

"ಗಟ್ಟಿಯಾಗಿ ಹೋಗಿತ್ತು. ಎಸೆದೆ."

"ಗಟ್ಟಿಯಾಗಿದ್ದು ನಿನ್ನ ಪ್ಯಾಂಟು. ಒಗೆದೋಳು ನಾನು. ಒಣಗೋಡೆ ಕಟ್ಟಿ ಬಂದೋನ ಪ್ಯಾಂಟು ಸ್ನಾನದ ಮನೇಲಿ ತಾನಾಗೇ ಎದ್ದು ನಿಲ್ಲಲ್ಲ, ವೊಯ್ಕೊ."

ಅವನು ಚಮಚ ಕೆಳಗಿಟ್ಟ.

"ನವೆಂಬರಿಂದ ಕಾಯ್ತಿದೀನಿ, ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ. ಗಂಡಸಿನ ಮಾನ, ಹೋಗ್ಲಿ, ಗೋಡೆ ನಿಂತ್ರೆ ಸಾಕು ಅಂತ ನಾನೂ ಬಾಯಿ ಮುಚ್ಕೊಂಡಿದ್ದೆ. ಇವತ್ತು ಪೆಪಿ ನಿನ್ನ ಹಾಗೆ ಮಾತಾಡಿದಾಗ ನಿನ್ನ ಮುಖ ನೋಡಿದೆ. ಆ ನೀರಹಲ್ಲಿಗಳು ಗೋಡೆ ಒಳಗಿವೆಯಾ?"

"ಗೊತ್ತಿಲ್ಲ."

"ವೊಯ್ಕೊ."

"ಒಂದು ಬಾಲ ನೋಡಿದ್ದೆ. ಹೊಯ್ಯೋಕೆ ಮುಂಚೆ."

ಜೋರಾಳ ಕೈ ಬ್ರೆಡ್ಡಿನ ಮೇಲೆ ನಿಂತಿತು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಮಾತಿಲ್ಲದೆ ಕುಳಿತದ್ದನ್ನು ಅವನು ಕಂಡದ್ದೇ ಅಪರೂಪ. ಈಗ ಬೈದರೆ ಚೆನ್ನಾಗಿತ್ತು ಎನ್ನಿಸಿತು.

ಅವನು ಎದ್ದ. ಕೊಟ್ಟಿಗೆಗೆ ಹೋಗಿ ಹಾರೆ ತೆಗೆದುಕೊಂಡ, ಸುತ್ತಿಗೆ ಉಳಿ ತೆಗೆದುಕೊಂಡ. ಬಾಗಿಲಲ್ಲಿ ಜೋರಾ ನಿಂತಿದ್ದಳು.

"ಎಲ್ಲಿಗೆ?"

"ಒಡೆದು ಹಾಕ್ತೀನಿ. ಮಳೇಲಿ ಯಾರೂ ಬರಲ್ಲ. ಗಾಳಿಗೆ ಮತ್ತೆ ಬಿತ್ತು ಅಂದ್ರಾಯ್ತು. ನೀರಹಲ್ಲಿಗಳು ಹೊರಗೆ ಬಂದ್ರೆ ಟೀಚರಿಗೂ ಸಮಾಧಾನ."

"ಅಂದ್ರೆ ಅವು ರೋಗದಿಂದ ವಾಸಿಯಾಗಿ ಎದ್ದು ಬಂದ್ವು ಅಂದ್ಕೋಬೇಕಾ ಆ ಮುದುಕಿ? ಬೂಟಿನ ತಪ್ಪು ಅಂತ ಸಾಯೋ ತನಕ ಕೊರಗ್ತಾ ಇರ್ಬೇಕಾ?" ಜೋರಾ ಅವನ ಕೋಟಿನ ಗುಂಡಿ ಹಾಕಿದಳು, ಬೆರಳು ಒರಟಾಗಿತ್ತು. "ಹೋಗೋದಾದ್ರೆ ಮೊದಲು ಟೀಚರ್ ಮನೆಗೆ ಹೋಗು. ಹೇಳಿ ಒಡಿ. ಹೇಳ್ದೆ ಒಡೆದ್ರೆ ಹಾರೆ ಹಿಡಿದ ಕಳ್ಳ, ಅಷ್ಟೇ ನೀನು."

ಟೀಚರ್ ಮನೆಗೆ ಹೋಗುವ ದಾರಿ ಹೊಸದಲ್ಲ. ಆದರೆ ಗುಡ್ಡ ಹತ್ತುವಾಗ ವೊಯ್ಕೊನಿಗೆ ಕಾಲಿನ ಕೆಳಗೆ ರಸ್ತೆ ಹಿಂದಕ್ಕೆ ಜಾರುತ್ತಿದೆ ಎನ್ನಿಸಿತು. ಬಾಗಿಲು ತೆರೆದೇ ಇತ್ತು. ದಾನಿಲಾ ಟೀಚರ್ ಒಳಜಗಲಿಯಲ್ಲಿ ಮೋಟು ಕುರ್ಚಿಯ ಮೇಲೆ ಕುಳಿತು, ಬಿಸಿನೀರಿಗೆ ಕ್ರಿಮಿ ಕೊಲ್ಲುವ ಔಷಧಿ ಬೆರೆಸಿ, ತಮ್ಮ ರಬ್ಬರ್ ಬೂಟುಗಳನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದರು. ತಿಕ್ಕಿ ತಿಕ್ಕಿ ಅಂಗೈ ಕೆಂಪಾಗಿತ್ತು. ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು, ವಾಸನೆಗೇ ಇರಬೇಕು.

"ಬಾ. ಗೋಡೆ ಅಳತೆ ಮಾಡೋಕೆ ಬಂದ್ಯಾ? ಇಷ್ಟು ಬೇಗ ಏನಿತ್ತು, ಮಳೆ ನಿಲ್ಲಿ."

"ಟೀಚರ್, ಬೂಟಲ್ಲ," ಎಂದ ವೊಯ್ಕೊ.

"ಏನು?"

"ಬೂಟಿಂದಲ್ಲ. ರೋಗಾನೂ ಅಲ್ಲ. ಗೋಡೆ... ಗೋಡೆ ಒಳಗೆ ಸಿಮೆಂಟು ಇದೆ. ನಾನು ಹೊಯ್ದೆ."

ಬ್ರಷ್ಷು ನಿಂತಿತು. ಟೀಚರ್ ಅವನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಹಾರೆಯನ್ನು ನೋಡಿದರು.

"ಬುಡ ಮುಟ್ಟಿಲ್ಲ ಅಂದೆ."

"ಮುಟ್ಟಿಲ್ಲ. ಅದು ಇಳೀತು."

"ಒಳಗೆ ಇವೆ ಅಂತ ಗೊತ್ತಿತ್ತಾ?"

"ಒಂದು ಬಾಲ ಕಾಣ್ತು."

"ಹಲ್ಲಿ ಅಂದ್ಕೊಂಡ್ಯಾ?"

ಹೌದೆಂದು ಹೇಳಬಹುದಿತ್ತು. ಅವರೇ ಬಾಗಿಲು ತೆರೆದುಕೊಟ್ಟಿದ್ದರು.

"ಹಲ್ಲಿ ಅಂತ ಹೇಳ್ಕೊಂಡೆ," ಎಂದ. "ಅಂದ್ಕೊಳ್ಳಲಿಲ್ಲ."

ಟೀಚರ್ ಬೂಟನ್ನು ಕೆಳಗಿಟ್ಟರು. ಆಮೇಲೆ ಮಾತಾಡಿದಾಗ ದನಿ ಏರಲಿಲ್ಲ. ಏರಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಬೆಳಿಗ್ಗೆ ನಾನು ಎಲ್ಲರ ಮುಂದೆ ನಿಂತು ತಪ್ಪು ಒಪ್ಕೊಂಡೆ. ನೀನು ಟೋಪಿ ತೆಗೆದು ಕೇಳಿಸ್ಕೊಂಡೆ."

"ಹೌದು ಟೀಚರ್."

"ಕಟ್ಟಿಕೊಡ್ತೀನಿ ಅಂದೆ."

"ಹೌದು."

ಅವರು ಒದ್ದೆ ಬೂಟುಗಳನ್ನೇ ಕಾಲಿಗೆ ತೊಟ್ಟು, ಗೋಡೆ ಹಿಡಿದು ಎದ್ದರು. ಕೈಕೊಡಲು ಅವನು ಮುಂದೆ ಬಂದಾಗ ಆ ಕೈ ಕಾಣದವರ ಹಾಗೆ ಬಕೆಟ್ಟು ಎತ್ತಿಕೊಂಡು ಹೊರಗೆ ನಡೆದರು.

ಕಲ್ಲು ಬೀಳುವ ಸದ್ದು ನಮ್ಮ ಊರಿನಲ್ಲಿ ಗಂಟೆಯ ಸದ್ದಿದ್ದ ಹಾಗೆ, ಎಲ್ಲ ಮನೆಗೂ ಕೇಳುತ್ತದೆ. ಮೊದಲು ಪೆಪಿ ಬಂದ, ಬಾಯಲ್ಲಿ ಇನ್ನೂ ಬ್ರೆಡ್ಡಿತ್ತು. ಹಿಂದೆ ಅಲ್ಬಿನಾ, ಜ್ವೊನ್ಕೊ. ವೊಯ್ಕೊ ತನ್ನ ಗೋಡೆಯನ್ನು ತಾನೇ ಕೆಡವುತ್ತಿದ್ದ. ಮೇಲಿನ ವರಸೆಗಳನ್ನು ಕೈಯಿಂದ ಇಳಿಸಿ ಹುಲ್ಲಿನ ಮೇಲೆ ಇಟ್ಟಿದ್ದ. ಕಲ್ಲು ತೆಗೆದಷ್ಟೂ ನಡುವೆ ಬೂದುಬಣ್ಣದ ಗಟ್ಟಿ ಗಡ್ಡೆ ಕಾಣುತ್ತ ಹೋಯಿತು. ಮಳೆ ಬಿದ್ದು ಅದು ಹೊಳೆಯುತ್ತಿತ್ತು.

"ಭಾವ..." ಎಂದ ಪೆಪಿ. ಅಭ್ಯಾಸಬಲದಿಂದ ಅವನ ಕೈ ಸೊಂಟಕ್ಕೆ ಹೋಗಿತ್ತು. ಗಡ್ಡೆಯನ್ನು ನೋಡಿ ಕೈ ಕೆಳಗೆ ಬಿತ್ತು. "ಇದೇನು ಭಾವ, ಸಿಮೆಂಟಾ?"

"ಸಿಮೆಂಟೇ," ಎಂದ ವೊಯ್ಕೊ. "ನಾನೇ ಹಾಕಿದ್ದು. ನವೆಂಬರಲ್ಲಿ. ಅವು ಇದರ ಕೆಳಗಿವೆ. ಟೀಚರ್ ಹೇಳಿದ ಬೂಟಿಂದ ಏನೂ ಆಗಿಲ್ಲ. ಎಲ್ಲರಿಗೂ ಹೇಳು."

ಊರಿಗೆಲ್ಲ ಸುದ್ದಿ ಸಾರುವ ಪೆಪಿಗೆ ಇಂಥ ಕೆಲಸ ಯಾರೂ ಹೀಗೆ ಬಿಡಿಸಿ ವಹಿಸಿರಲಿಲ್ಲ. ಅವನು ಅಲ್ಲೇ ನಿಂತ. ಅಲ್ಬಿನಾ ಬಾಯಿ ತೆರೆದಳು. ಜೀವನದಲ್ಲಿ ಮೊದಲ ಸಲ ಏನೂ ಹೇಳದೆ ಮುಚ್ಚಿಕೊಂಡಳು. "ಒಣಗೋಡೇಗೆ ಸಿಮೆಂಟು," ಎಂದು ಜ್ವೊನ್ಕೊ ಗೊಣಗಿದ. ಹೆಂಡತಿ ಅವನ ಪಕ್ಕೆಗೆ ತಿವಿದಳು.

ವೊಯ್ಕೊ ಹಾರೆ ಎತ್ತಿದ.

"ಹಾರೆ ಬೇಡ," ಎಂದರು ದಾನಿಲಾ ಟೀಚರ್. "ಕೆಳಗೆ ಹಾರೆ ಹಾಕಿದ್ರೆ ಬದುಕಿರೋದೂ ಸಾಯುತ್ತೆ. ಉಳಿ ತಗೋ. ಚೂರು ಚೂರೇ ಕೀಳು. ಪೆಪಿ, ನೀನು ನಿಂತ್ಕೊಂಡು ಏನು ಮಾಡ್ತಿದೀಯ? ಹೊಂಡದ ನೀರು ತಂದು ಇಲ್ಲೆಲ್ಲ ಚಿಮುಕಿಸು, ಒಣಗಬಾರದು."

"ಸರಿ ಟೀಚರ್." ಪೆಪಿ ಓಡಿದ.

ಆಮೇಲೆ ಟೀಚರ್ ಗೋಡೆಯನ್ನು ಸುತ್ತಿ ತೋಟದ ಒಳಗೆ ಹೋದರು. ಅಲ್ಲಿ ಕೆಸರಿನಲ್ಲಿ ಮಂಡಿಯೂರಿ, ಆ ಬದಿಯ ಬುಡದ ಕಲ್ಲುಗಳನ್ನು ಕೈಯಿಂದ ಬಿಡಿಸತೊಡಗಿದರು. ಈ ಬದಿ ವೊಯ್ಕೊ, ಆ ಬದಿ ಟೀಚರ್. ನಡುವೆ ಉಳಿದ ಗೋಡೆ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಉಳಿಯ ಟಕ್ ಟಕ್ ಒಂದು ಕಡೆ, ಕಲ್ಲು ಸರಿಯುವ ಸದ್ದು ಇನ್ನೊಂದು ಕಡೆ. ಸಿಮೆಂಟು ಬುಡದಲ್ಲಿ ಒಂದೇ ಸಮ ಇಳಿದಿರಲಿಲ್ಲ. ಕೆಲವು ಕಡೆ ಸಂದಿಗಳನ್ನು ಪೂರ್ತಿ ನುಂಗಿತ್ತು; ಕೆಲವು ಕಡೆ ಬಾಯಿ ಮಾತ್ರ ಮುಚ್ಚಿ ಒಳಗೆ ಗೂಡು ಉಳಿಸಿತ್ತು.

ಮೊದಲ ಗೂಡು ಅವರ ಕಡೆಗೇ ತೆರೆದುಕೊಂಡಿತು.

"ಇದೆ," ಎಂದರು. ಅವರ ದನಿ ಕಲ್ಲಿನ ಮೂಲಕ ಬಂದು ಬೇರೆ ಯಾರದೋ ಹಾಗೆ ಕೇಳಿಸಿತು. "ಕೈ ಆಡಿಸ್ತಿದೆ."

ಉಳಿ ಅವನ ಕೈಯಲ್ಲೇ ನಿಂತಿತು. ಬಕೆಟ್ಟಿನಲ್ಲಿ ನೀರು ಕಲಕಿದ ಸಣ್ಣ ಸದ್ದು ಬಂತು. ಹಾದಿಯಲ್ಲಿ ಯಾರೋ "ಅಬ್ಬ" ಎಂದರು. ಜೋರಾ ಯಾವಾಗ ಬಂದಳೋ, ಹಿಂದೆ ನಿಂತು ಅವನ ಮೇಲೆ ಛತ್ರಿ ಹಿಡಿದಿದ್ದಳು, ತಾನು ನೆನೆಯುತ್ತಿದ್ದಳು.

"ಇನ್ನೊಂದು. ಇದೂ ಇದೆ. ಸೊರಗಿದೆ, ಆದ್ರೆ ಇದೆ."

ಅವನು ಮತ್ತೆ ಉಳಿ ಹಚ್ಚಿದ. ಬೆರಳಿನ ಚರ್ಮ ಸುಲಿದಿತ್ತು. ಒಂದು ದಪ್ಪ ಚೂರು ಕಳಚಿ ಬಿದ್ದಾಗ ಗೋಡೆಯ ಬುಡದಲ್ಲಿ ಮುಷ್ಟಿಗಾತ್ರದ ತೂತು ಬಿತ್ತು. ತೂತಿನ ಆಚೆ ಟೀಚರ್ ಕೈ ಕಂಡಿತು, ಬೆರಳಿನ ತುದಿಯೆಲ್ಲ ಕೆಸರು.

ಆ ಕೈ ಸ್ವಲ್ಪ ಹೊತ್ತು ಅಲುಗಲಿಲ್ಲ. ಆಮೇಲೆ ತೂತಿನೊಳಗಿಂದ ಅವನ ಕಡೆಗೆ ಚಾಚಿತು. ಅಂಗೈಯಲ್ಲಿ ಒಂದು ನೀರಹಲ್ಲಿ, ಬೆನ್ನ ಮೇಲೆ ಬೂದಿ ಹತ್ತಿದ ಹಾಗೆ ಸಿಮೆಂಟು. ಹೊಟ್ಟೆಯ ಕಿತ್ತಳೆ ಬಣ್ಣ ಇನ್ನೂ ಮಾಸಿರಲಿಲ್ಲ.

"ಸತ್ತವು ನಿನಗೆ," ಎಂದರು ಟೀಚರ್. "ತಗೋ."

ಅವನು ಎರಡೂ ಕೈ ಒಡ್ಡಿ ತೆಗೆದುಕೊಂಡ. ಎಲ್ಲಿಡುವುದೆಂದು ತಿಳಿಯದೆ ಟೋಪಿ ತೆಗೆದು, ಮಂಡಿಯ ಪಕ್ಕದ ಹುಲ್ಲಿನಲ್ಲಿ ಅಂಗಾತ ಇಟ್ಟು, ಅದರೊಳಗೆ ಮಲಗಿಸಿದ. ಬದುಕಿದ್ದದ್ದು ಸಿಕ್ಕಿದಾಗಲೆಲ್ಲ ಅತ್ತ ಬಕೆಟ್ಟಿನಲ್ಲಿ ನೀರಿನ ಸದ್ದಾಗುತ್ತಿತ್ತು. ಸದ್ದಾಗದಿದ್ದಾಗ ತೂತಿನಲ್ಲಿ ಆ ಕೈ ಬರುತ್ತಿತ್ತು. ವೊಯ್ಕೊ ಉಳಿ ಕೆಳಗಿಟ್ಟು, ಕೈ ಒಡ್ಡಿ, ತೆಗೆದುಕೊಂಡು, ಟೋಪಿಯಲ್ಲಿಟ್ಟು, ಮತ್ತೆ ಉಳಿ ಎತ್ತಿಕೊಳ್ಳುತ್ತಿದ್ದ.